ಲಿವರಿ ಯಾರ್ಡಿನವರು ಕುದುರೆಯನ್ನು ಸರಿಯಾಗಿ ನೋಡಿಕೊಳ್ಳದಿದ್ದರೆ ಏನು ಮಾಡಬೇಕು?

ಇಂಗ್ಲೆಂಡಿನಲ್ಲಿ ಮನೆ ಮಾಡಿಕೊಂಡ ನಮ್ಮವರ ಮಕ್ಕಳು ಗೆಳತಿಯರ ಜೊತೆ ಕುದುರೆ ಸವಾರಿ ಕಲಿಯಲು ಹೋಗುತ್ತಾರೆ. ವಾರಕ್ಕೊಂದು ಪಾಠ ಅಂತ ಶುರುವಾಗಿದ್ದು ಕೆಲವು ವರ್ಷಗಳಲ್ಲಿ ‘ಅಪ್ಪಾ, ನಂಗೆ ನಂದೇ ಒಂದು ಪೋನಿ ಬೇಕು’ ಎನ್ನುವಲ್ಲಿಗೆ ಬಂದು ನಿಲ್ಲುತ್ತದೆ. ಸರಿ, ಕೊಡಿಸಿದ್ದೂ ಆಯಿತು. ಇಡುವುದೆಲ್ಲಿ? ಹಿತ್ತಲಲ್ಲಿ ಕಟ್ಟಿಹಾಕುವ ಪ್ರಾಣಿಯಂತೂ ಅಲ್ಲ. ಹಾಗಾಗಿ ಲಿವರಿ ಯಾರ್ಡು. ತಿಂಗಳಿಗಿಷ್ಟು ಅಂತ ಕೊಟ್ಟರೆ ಲಾಯ, ಹುಲ್ಲುಗಾವಲು, ನೀರು, ಮೇವು, ನೋಡಿಕೊಳ್ಳುವ ಕೆಲಸ ಎಲ್ಲವೂ ಅವರದ್ದು. ಅಥವಾ ಅದರಲ್ಲಿ ಒಂದಷ್ಟು ಅವರದ್ದು. ತಕರಾರು ಹುಟ್ಟುವುದೇ ಈ ‘ಒಂದಷ್ಟು’ ಎಷ್ಟು ಎನ್ನುವುದರಲ್ಲಿ.

ಒಂದು ವಿಷಯ ಮೊದಲೇ ಗೊತ್ತಿರಲಿ. ಇಂಗ್ಲೆಂಡಿನಲ್ಲಿ ಸವಾರಿ ಶಾಲೆ ನಡೆಸಲು 2018ರ ನಿಯಮಗಳ ಪ್ರಕಾರ ಸ್ಥಳೀಯ ಕೌನ್ಸಿಲಿನ ಲೈಸೆನ್ಸ್ ಬೇಕು. ಆದರೆ ಬೇರೆಯವರ ಕುದುರೆಗಳನ್ನು ಇಟ್ಟುಕೊಳ್ಳುವ ಬರೀ ಲಿವರಿಗೆ ಅದು ಬೇಡ. ಒಂದಿಷ್ಟು ಹುಲ್ಲುಗಾವಲು, ನಾಲ್ಕು ಲಾಯ ಇದ್ದವರು ಬೋರ್ಡು ಹಾಕಿ ಶುರು ಮಾಡಬಹುದು. ಬ್ರಿಟಿಷ್ ಹಾರ್ಸ್ ಸೊಸೈಟಿ ಯಾರ್ಡುಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುತ್ತದೆ ನಿಜ, ಆದರೆ ಅದನ್ನು ತಗೊಳ್ಳಲೇಬೇಕು ಅಂತೇನಿಲ್ಲ. ಹಾಗಾಗಿ ‘ನಿಮ್ಮ ಲೈಸೆನ್ಸ್ ರದ್ದು ಮಾಡಿಸ್ತೀನಿ’ ಅಂತ ಕೂಗಾಡಿ ಪ್ರಯೋಜನವಿಲ್ಲ. ರದ್ದು ಮಾಡಲು ಲೈಸೆನ್ಸೇ ಇರುವುದಿಲ್ಲ.

(ಇಲ್ಲಿ ಹೇಳುವ ಕಾನೂನೆಲ್ಲ ಇಂಗ್ಲೆಂಡಿನದ್ದು. ಸ್ಕಾಟ್‌ಲೆಂಡಿನ ಕಾನೂನು ಬೇರೆ.)

ಮೊದಲು: ಯಾರ ಕೆಲಸ ಯಾವುದು?

ಸಿಟ್ಟು ಬಂದ ದಿನವೇ ಕರಾರು ಪತ್ರ ತೆಗೆದು ಓದಿ. ಫುಲ್ ಲಿವರಿ ಅಂದರೆ ಮೇವು, ನೀರು, ಲಾಯದ ಸ್ವಚ್ಛತೆ, ಹುಲ್ಲುಗಾವಲಿಗೆ ಬಿಟ್ಟು ಕರೆತರುವುದು ಎಲ್ಲ ಯಾರ್ಡಿನವರ ಕೆಲಸ. ಪಾರ್ಟ್ ಲಿವರಿಯಲ್ಲಿ ಅರ್ಧ ಅವರದು, ಅರ್ಧ ನಿಮ್ಮದು. ಗ್ರಾಸ್ ಲಿವರಿಯಲ್ಲಿ ಕುದುರೆ ಹುಲ್ಲುಗಾವಲಲ್ಲೇ ಇರುತ್ತದೆ. ಡಿಐವೈ (‘ಡು ಇಟ್ ಯುವರ್‌ಸೆಲ್ಫ್’, ನೀವೇ ಮಾಡಿಕೊಳ್ಳಿ) ಲಿವರಿಯಲ್ಲಿ ನಿಮಗೆ ಸಿಗುವುದು ಜಾಗ ಮಾತ್ರ. ಬೆಂಗಳೂರಿನಲ್ಲಿ ಕುದುರೆ ಇಟ್ಟವರಿಗೆ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವ ಆಳು, ಇದ್ದು ಅಭ್ಯಾಸ, ಇಲ್ಲಿ ಡಿಐವೈ ಅಂದರೆ ಲದ್ದಿ ಎತ್ತುವ ಸೈಸ್ ನೀವೇ! ಅಂಥ ಕಡೆ ಬಕೆಟ್ಟಿನಲ್ಲಿ ನೀರಿಲ್ಲ ಅಂತ ಯಾರ್ಡಿನವರನ್ನು ದೂರಿದರೆ ಅವರು ನಕ್ಕು ಸುಮ್ಮನಾಗುತ್ತಾರೆ. ಆದರೆ ಬೇಲಿ ಮುರಿದಿದೆ, ನಲ್ಲಿ ಕೆಟ್ಟಿದೆ, ಲಾಯದ ಚಾವಣಿ ಸೋರುತ್ತಿದೆ ಅಂದರೆ ಅದು ಡಿಐವೈಯಲ್ಲೂ ಸಾಮಾನ್ಯವಾಗಿ ಅವರ ತಲೆನೋವೇ.

ಬರೆದ ಕರಾರೇ ಇಲ್ಲವಾ? ಬಹಳ ಕಡೆ ಇರುವುದಿಲ್ಲ, ಕೈಕುಲುಕಿ ನಗದು ಕೊಟ್ಟು ಬಂದಿರುತ್ತಾರೆ. ಬಾಯಿಮಾತಿನ ಒಪ್ಪಂದಕ್ಕೂ ಬೆಲೆ ಇದೆ, ಸಾಬೀತು ಮಾಡುವುದಷ್ಟೇ ಕಷ್ಟ. ಹಳೆಯ ಮೆಸೇಜುಗಳು, ಜಾಹೀರಾತು, ಬ್ಯಾಂಕಿನಿಂದ ದುಡ್ಡು ಹೋದ ದಾಖಲೆ, ಏನಿದೆಯೋ ಎಲ್ಲ ಒಂದು ಕಡೆ ಸೇರಿಸಿ. ಇನ್ನು ಮುಂದೆ ನಗದು ಬೇಡ.

ಕುದುರೆಯನ್ನೇ ಕೇಳಿ

ಯಾರ್ಡಿನ ಬೇರೆಯವರು ಏನು ಹೇಳುತ್ತಾರೆ ಎನ್ನುವುದು ಆಮೇಲೆ. ಹೇಳದೆ ಕೇಳದೆ ಒಂದು ಸಂಜೆ ಹೋಗಿ, ಕುದುರೆಯ ಮೈಮೇಲಿನ ರಗ್ (ಚಳಿಗೆ ಹಾಕುವ ಹೊದಿಕೆ) ಪೂರ್ತಿ ತೆಗೆಯಿರಿ. ಚಳಿಗಾಲದಲ್ಲಿ ಎಲ್ಲ ಮುಚ್ಚಿಡುವುದು ಈ ರಗ್ಗೇ. ಮೇಲಿಂದ ನೋಡಿದರೆ ಗುಂಡಗೆ ಕಾಣುವ ಕುದುರೆ ಒಳಗೆ ಸೊರಗಿರುತ್ತದೆ. ವಾರಗಟ್ಟಲೆ ತೆಗೆಯದ ರಗ್ಗಿನ ಅಡಿಯಲ್ಲಿ ಹೆಗಲ ಹತ್ತಿರ ಕೂದಲು ಸವೆದು ಚರ್ಮ ಕಾಣುತ್ತದೆ, ಒಳಗಿನ ಬಟ್ಟೆ ಒದ್ದೆಯಾಗಿ ಮುಗ್ಗಲು ವಾಸನೆ ಬರುತ್ತದೆ. ಕೈಯನ್ನು ಚಪ್ಪಟೆ ಇಟ್ಟು ಪಕ್ಕೆಲುಬಿನ ಮೇಲೆ ಸವರಿ. ಎಲುಬು ಕಣ್ಣಿಗೆ ಎದ್ದು ಕಾಣಬಾರದು, ಕೈಗೆ ಸಲೀಸಾಗಿ ಸಿಗಬೇಕು. ಕುತ್ತಿಗೆ, ಪಕ್ಕೆ, ಹಿಂಭಾಗ ಮೂರನ್ನೂ ಬೇರೆ ಬೇರೆ ನೋಡಿ 0ರಿಂದ 5ರವರೆಗೆ ಅಂಕ ಕೊಡುವ ಪದ್ಧತಿ ಇಲ್ಲಿದೆ. 0 ಅಂದರೆ ಎಲುಬಿನ ಗೂಡು, 5 ಅಂದರೆ ವಿಪರೀತ ಕೊಬ್ಬು. ಪಶುವೈದ್ಯರೂ ಕುದುರೆ ಸಂಸ್ಥೆಗಳೂ ಇದೇ ಭಾಷೆಯಲ್ಲಿ ಮಾತಾಡುತ್ತಾರೆ, ಹಾಗಾಗಿ ಕಲಿತುಕೊಂಡರೆ ಮುಂದೆ ಉಪಯೋಗಕ್ಕೆ ಬರುತ್ತದೆ.

ಆಮೇಲೆ ಗೊರಸು. ಒಂದೊಂದೇ ಕಾಲು ಎತ್ತಿ, ಗೊರಸಿನ ಕೊಕ್ಕೆಯಿಂದ ಕೆಸರು ಕೆರೆದು ತೆಗೆಯಿರಿ. ಕಪ್ಪಗೆ ಮೆತ್ತಗೆ ಏನೋ ಬಂದು ಕೊಳೆತ ನಾತ ಹೊಡೆದರೆ ಅದು ಥ್ರಷ್ ಎನ್ನುವ ಗೊರಸಿನ ಸೋಂಕು. ಒದ್ದೆ ಲದ್ದಿಯಲ್ಲಿ, ಕೆಸರಿನಲ್ಲಿ ದಿನಗಟ್ಟಲೆ ನಿಂತು ಬರುವಂಥದ್ದು. ಲಾಳದ ಮೊಳೆಯ ತುದಿಗಳು ಗೊರಸಿನ ಗೋಡೆಯಿಂದ ಮೇಲೆದ್ದಿದ್ದರೆ ಲಾಳ ಬದಲಾಯಿಸುವ ದಿನ ದಾಟಿದೆ ಅಂತ ಲೆಕ್ಕ. ಸಾಮಾನ್ಯವಾಗಿ 6ರಿಂದ 8 ವಾರಕ್ಕೊಮ್ಮೆ ಫ್ಯಾರಿಯರ್ (ಲಾಳ ಹೊಡೆಯುವವರು) ಬರಬೇಕು.

ನೀರು. ಕುದುರೆ ದಿನಕ್ಕೆ ಸುಮಾರು 25ರಿಂದ 55 ಲೀಟರ್ ಕುಡಿಯುತ್ತದೆ. ಲಾಯದಲ್ಲಿ ಒಂದೇ ಬಕೆಟ್ ಇದ್ದು, ಅದರ ತಳದಲ್ಲಿ ನಾಲ್ಕು ಬೆರಳು ಹಸಿರು ನೀರು, ಗೋಡೆಗೆ ಅಂಟಿದ ಲೋಳೆ ಕಂಡರೆ ಬೇರೆ ಸಾಕ್ಷಿ ಯಾಕೆ ಬೇಕು? ಒಣಹುಲ್ಲನ್ನೂ ಕೈಯಲ್ಲಿ ಬಿಡಿಸಿ ನೋಡಿ. ಬೂಷ್ಟು ಹಿಡಿದಿದೆಯಾ, ಧೂಳು ಏಳುತ್ತದೆಯಾ, ಮಧ್ಯೆ ರ್‍ಯಾಗ್‌ವರ್ಟ್ ಕಡ್ಡಿಗಳಿವೆಯಾ? ಹಳದಿ ಹೂವಿನ ಈ ಗಿಡ ಹಸಿಯಾಗಿದ್ದಾಗ ಕಹಿ, ಹಾಗಾಗಿ ಕುದುರೆ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಒಣಗಿ ಹುಲ್ಲಿನಲ್ಲಿ ಸೇರಿದ ಮೇಲೆ ಗೊತ್ತಾಗದೆ ತಿಂದುಬಿಡುತ್ತದೆ, ವಿಷ ಮಾತ್ರ ಹಾಗೇ ಇರುತ್ತದೆ. ಪಿತ್ತಜನಕಾಂಗ ಕೆಡುತ್ತಾ ಹೋಗುತ್ತದೆ, ಲಕ್ಷಣ ಕಾಣುವ ಹೊತ್ತಿಗೆ ಬಹಳ ತಡವಾಗಿರುತ್ತದೆ.

ಇನ್ನೊಂದು ಮಾತು. ಹೊಟ್ಟೆಗೆ ಹಾಕದಿರುವುದಷ್ಟೇ ನಿರ್ಲಕ್ಷ್ಯ ಅಲ್ಲ. ಪುಟ್ಟ ಪೋನಿಯನ್ನು ವಸಂತದ ಎಳೆ ಹುಲ್ಲಿಗೆ ಬಿಟ್ಟು ಮರೆತರೆ ಲ್ಯಾಮಿನೈಟಿಸ್ ಎನ್ನುವ ಗೊರಸಿನ ಒಳಗಿನ ಉರಿಯೂತ ಬರಬಹುದು. ಗೊರಸು ಬಿಸಿಯಾಗಿ, ಪೋನಿ ಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಂತಿದ್ದರೆ ಆ ಹೊತ್ತಿಗೇ ವೈದ್ಯರಿಗೆ ಫೋನ್ ಮಾಡಿ. ‘ನೋಡಿ ಎಷ್ಟು ದುಂಡಗಿದೆ’ ಅಂತ ಯಾರ್ಡಿನವರು ಹೆಮ್ಮೆಯಿಂದ ಹೇಳಿದರೆ ಖುಷಿ ಪಡುವ ಮೊದಲು ಯೋಚಿಸಿ.

ಬರೆದಿಡಿ, ಫೋಟೊ ತೆಗೆಯಿರಿ

ದಿನ, ಹೊತ್ತು, ಏನು ಕಂಡಿತು, ಅಷ್ಟೇ. ‘ಇವರಿಗೆ ಕರುಣೆಯೇ ಇಲ್ಲ’ ಅಂತ ಬರೆದರೆ ಯಾರಿಗೂ ಉಪಯೋಗವಿಲ್ಲ, ‘ಸಂಜೆ 5.40, ಬಕೆಟ್ ಖಾಲಿ, ಲಾಯದಲ್ಲಿ ಹುಲ್ಲಿಲ್ಲ’ ಅಂತ ಬರೆದರೆ ಇದೆ. ತೂಕದ ಟೇಪನ್ನು (ಕುದುರೆಯ ಮೈಗೆ ಸುತ್ತಿ ತೂಕ ಅಂದಾಜು ಮಾಡುವ ಪಟ್ಟಿ) ವಾರಕ್ಕೊಮ್ಮೆ, ಒಬ್ಬರೇ, ಒಂದೇ ಹೊತ್ತಿನಲ್ಲಿ ಸುತ್ತಿ ಅಳೆಯಿರಿ. ಟೇಪು ಹೇಳುವ ತೂಕ ಕರಾರುವಾಕ್ಕು ಇರಲಿಕ್ಕಿಲ್ಲ, ಆದರೆ ಇಳಿಯುತ್ತಿದೆಯಾ ಏರುತ್ತಿದೆಯಾ ಅನ್ನುವುದು ಗೊತ್ತಾಗುತ್ತದೆ. ಸಂಶಯ ಇದ್ದರೆ ದುಡ್ಡು ಹೋದರೂ ಪರವಾಗಿಲ್ಲ, ಪಶುವೈದ್ಯರನ್ನು ಕರೆಸಿ ಬರವಣಿಗೆಯಲ್ಲಿ ವರದಿ ತಗೊಳ್ಳಿ. ನಿಮ್ಮ ನೂರು ಫೋಟೊಗಿಂತ ಅವರ ಒಂದು ಪುಟಕ್ಕೆ ತೂಕ ಜಾಸ್ತಿ.

ಇಲ್ಲೊಂದು ಕಹಿ ಸತ್ಯ

2006ರ ಅನಿಮಲ್ ವೆಲ್ಫೇರ್ ಆ್ಯಕ್ಟ್ ಪ್ರಕಾರ ಪ್ರಾಣಿಯನ್ನು ನೋಡಿಕೊಳ್ಳಲು ವಹಿಸಿಕೊಂಡವರೂ ಹೊಣೆ, ತಾತ್ಕಾಲಿಕವಾಗಿ ಆದರೂ ಸರಿ. ಹಾಗಾಗಿ ಫುಲ್ ಲಿವರಿಯವರು ‘ಕುದುರೆ ನಮ್ಮದಲ್ಲ’ ಅಂತ ಕೈತೊಳೆದುಕೊಳ್ಳುವಂತಿಲ್ಲ. ಆದರೆ ಅದೇ ಕಾನೂನು ಮಾಲೀಕರನ್ನು ಯಾವತ್ತೂ ಹೊಣೆಯಿಂದ ಬಿಡುವುದಿಲ್ಲ. ಕುದುರೆ ಮಗಳದ್ದು, ಮಗಳಿಗಿನ್ನೂ 16 ಆಗಿಲ್ಲ ಅಂದರೆ ಆ ಹೊಣೆ ಅವಳನ್ನು ಸಾಕುವ ನಿಮ್ಮ ತಲೆಗೇ. ಅಂದರೆ ಕುದುರೆ ಸೊರಗುತ್ತಿರುವುದು ನಿಮಗೆ ಗೊತ್ತಿದ್ದೂ ‘ಯಾರ್ಡಿನವರು ಸರಿ ಮಾಡಲಿ’ ಅಂತ ತಿಂಗಳುಗಟ್ಟಲೆ ಕಾಗದ ಬರೆಯುತ್ತಾ ಕೂತರೆ, ಪ್ರಶ್ನೆ ನಿಮ್ಮ ಕಡೆಗೂ ತಿರುಗುತ್ತದೆ. ನಾನು ಈ ಲೇಖನದಲ್ಲಿ ನ್ಯಾಯಕ್ಕಿಂತ ಮೊದಲು ಕುದುರೆಯ ಜಾಗ ಬದಲಾಯಿಸಿ ಅಂತ ಒತ್ತಿ ಹೇಳುವುದು ಇದಕ್ಕೇ.

ಮಾತಾಡುವುದು ಹೇಗೆ

ನಮ್ಮವರಲ್ಲಿ ಎರಡು ಥರ. ಒಬ್ಬರು ಸಂಕೋಚಪಟ್ಟು ಬಾಯಿಯೇ ಬಿಡುವುದಿಲ್ಲ, ‘ಹೋಗ್ಲಿ ಬಿಡಿ, ಅವ್ರ ಊರು’ ಅಂತಾರೆ. ಇನ್ನೊಬ್ಬರು ಬಾಯಿ ಬಿಟ್ಟರೆ ಜಗಳವೇ. ಎರಡೂ ಬೇಡ. ಯಾರ್ಡಿನವರಿಗೆ ಬಿಡುವಿದ್ದಾಗ, ಮೇವು ಹಾಕುವ ಗಡಿಬಿಡಿಯಲ್ಲಿ ಅಲ್ಲ, ನೇರವಾಗಿ ಹೋಗಿ ಮಾತಾಡಿ. ಕೆಲವೊಮ್ಮೆ ಕಾರಣ ಸಣ್ಣದಿರುತ್ತದೆ. ಕೆಲಸದ ಹುಡುಗಿ ಬಿಟ್ಟುಹೋಗಿರುತ್ತಾಳೆ, ಯಜಮಾನರಿಗೆ ಕಾಯಿಲೆ ಇರುತ್ತದೆ, ಅಥವಾ ಹಿಮಕ್ಕೆ ಪೈಪು ಹೆಪ್ಪುಗಟ್ಟಿರುತ್ತದೆ. ಮಾತಾಡಿದ ಸಂಜೆಯೇ ಒಂದು ಮೆಸೇಜ್ ಹಾಕಿ: ಇವತ್ತು ಮಾತಾಡಿದ್ದಕ್ಕೆ ಥ್ಯಾಂಕ್ಸ್, ನಾಳೆಯಿಂದ ಎರಡು ಬಕೆಟ್ ನೀರು, ರಾತ್ರಿ ಒಂದು ಬಲೆ ತುಂಬ ಹುಲ್ಲು, ದಿನಾ ರಗ್ ತೆಗೆದು ನೋಡುವುದು ಅಂತ ಒಪ್ಪಿಕೊಂಡೆವು, ಸರಿ ತಾನೇ? ಇಷ್ಟೇ ಸಾಕು. ಸ್ನೇಹದ ಧಾಟಿಯಲ್ಲೇ ಇರಲಿ, ಆದರೆ ಬರಹದಲ್ಲಿರಲಿ. ಒಂದು ವಾರ ನೋಡಿ. ಸರಿಹೋಯಿತಾ, ಒಳ್ಳೆಯದು. ಎರಡು ದಿನ ಸರಿಯಿದ್ದು ಮತ್ತೆ ಅದೇ ರಾಗವಾದರೆ ಎರಡನೇ ಸಲ ಬುದ್ಧಿ ಹೇಳಲು ಹೋಗಬೇಡಿ, ಬೇರೆ ಜಾಗ ಹುಡುಕಲು ಶುರು ಮಾಡಿ. ಸದ್ದಿಲ್ಲದೆ.

ಸದ್ದಿಲ್ಲದೆ ಯಾಕೆ ಅಂದರೆ, ನೀವು ರಾತ್ರಿ ಮನೆಗೆ ಹೋದ ಮೇಲೆ ಕುದುರೆ ಇರುವುದು ಅವರ ಕೈಯಲ್ಲಿ. ಮನಸ್ತಾಪ ಜೋರಾದರೆ ಅದರ ಬಿಸಿ ಮೂಕಪ್ರಾಣಿಗೆ ತಟ್ಟುತ್ತದೆ. ಯಾರ್ಡಿನ ವಾಟ್ಸಾಪ್ ಗುಂಪಿನಲ್ಲಿ, ಫೇಸ್‌ಬುಕ್ಕಿನಲ್ಲಿ ಗೋಳು ಹೇಳಿಕೊಳ್ಳುವುದೂ ಬೇಡ. ಈ ಕುದುರೆ ಲೋಕ ಬಹಳ ಚಿಕ್ಕದು, ಮುಂದಿನ ಯಾರ್ಡಿನವರೂ ಅದನ್ನು ಓದುತ್ತಾರೆ. ಸಾಬೀತಾಗದ ಮಾತಿಗೆ ಮಾನನಷ್ಟದ ನೋಟಿಸೂ ಬರಬಹುದು.

ಕಾಯಲೇಬಾರದ ಸಂದರ್ಭ

ಹೊಟ್ಟೆ ಕಡೆ ತಿರುತಿರುಗಿ ನೋಡುವುದು, ನೆಲ ಕೆರೆಯುವುದು, ಬಿದ್ದು ಹೊರಳಾಡುವುದು, ಲದ್ದಿ ಹಾಕದಿರುವುದು ಕಂಡರೆ ಕಾಲಿಕ್, ಅಂದರೆ ಕುದುರೆಗೆ ಬರುವ ತೀವ್ರ ಹೊಟ್ಟೆನೋವು, ಇರಬಹುದು. ಏಳಲಾರದೆ ಬಿದ್ದಿದ್ದರೆ, ಆಳದ ಗಾಯ ಇದ್ದರೆ, ಕಾಲು ಊರದೆ ಕುಂಟುತ್ತಿದ್ದರೆ ಯಾರ್ಡಿನವರ ಅನುಮತಿಗೆ ಕಾಯಬೇಡಿ. ಕುದುರೆ ನಿಮ್ಮದು, ವೈದ್ಯರನ್ನು ಕರೆಸಿ. ನೀವು ಊರಲ್ಲಿಲ್ಲದಾಗ ಯಾರು ತೀರ್ಮಾನ ತಗೊಳ್ಳಬೇಕು, ಎಷ್ಟು ಖರ್ಚಿನವರೆಗೆ ಅಂತ ವೈದ್ಯರ ಕಚೇರಿಗೆ ಮೊದಲೇ ಬರೆದು ಕೊಟ್ಟಿರಿ.

ನಿಮ್ಮದಷ್ಟೇ ಅಲ್ಲ, ಅಲ್ಲಿನ ಬೇರೆ ಕುದುರೆಗಳೂ ನರಳುತ್ತಿದ್ದರೆ ಪ್ರಾಣಿಹಿಂಸೆ ತಡೆಯುವ ಆರ್‌ಎಸ್‌ಪಿಸಿಎಗೆ ಅಥವಾ ವರ್ಲ್ಡ್ ಹಾರ್ಸ್ ವೆಲ್ಫೇರ್ ಸಂಸ್ಥೆಗೆ ತಿಳಿಸಿ. ಎರಡೂ ದತ್ತಿ ಸಂಸ್ಥೆಗಳು. ಅವರ ಇನ್ಸ್‌ಪೆಕ್ಟರ್ ಬಂದು ನೋಡಬಹುದು, ಸಲಹೆ ಕೊಡಬಹುದು, ಆದರೆ ಬಾಗಿಲು ಒಡೆದು ಒಳಗೆ ಹೋಗುವ ಅಧಿಕಾರ ಅವರಿಗಿಲ್ಲ. ನರಳುತ್ತಿರುವ ಪ್ರಾಣಿಯನ್ನು ವಶಕ್ಕೆ ತಗೊಳ್ಳುವ ಅಧಿಕಾರ ಪೊಲೀಸರಿಗೆ ಮತ್ತು ಕೌನ್ಸಿಲಿನ ಇನ್ಸ್‌ಪೆಕ್ಟರಿಗೆ ಇದೆ. ಒಂದು ಫೋನಿಗೇ ಎಲ್ಲ ಮುಗಿಯುತ್ತದೆ ಅಂತ ಮಾತ್ರ ಅಂದುಕೊಳ್ಳಬೇಡಿ.

ಹೊರಡುವ ದಿನ

ಹೊಸ ಯಾರ್ಡು ಗೊತ್ತಾದ ಮೇಲೆಯೇ, ಬಿಟ್ಟು ಹೋಗುತ್ತೇವೆ ಅಂತ ನೋಟಿಸ್ ಕೊಡಿ. ಸಾಮಾನ್ಯವಾಗಿ ನಾಲ್ಕು ವಾರ ಅಥವಾ ಒಂದು ತಿಂಗಳು ಇರುತ್ತದೆ. ‘ಅವರೇ ಕರಾರು ಮುರಿದಿದ್ದಾರೆ, ನಾನ್ಯಾಕೆ ನೋಟಿಸ್ ದುಡ್ಡು ಕೊಡಲಿ?’ ವಾದ ಸರಿಯೇ ಇರಬಹುದು. ಆದರೂ ನನ್ನನ್ನು ಕೇಳಿದರೆ, ‘ಒಪ್ಪಿಗೆಯಿಲ್ಲದೆ ಕೊಡುತ್ತಿದ್ದೇನೆ, ವಾಪಸ್ ಕೇಳುವ ಹಕ್ಕು ಉಳಿಸಿಕೊಂಡಿದ್ದೇನೆ’ ಅಂತ ಬರೆದು ಕೊಟ್ಟುಬಿಡಿ. ಕುದುರೆಯನ್ನು ಅವತ್ತೇ ಕರೆದುಕೊಂಡು ಹೋಗಿ, ನೋಟಿಸಿನ ಅವಧಿ ಖಾಲಿ ಲಾಯದಲ್ಲಿ ಕಳೆಯಲಿ. ದುಡ್ಡಿನ ಜಗಳವನ್ನು ಆಮೇಲೆ ನಿಧಾನವಾಗಿ ಮಾಡಬಹುದು.

‘ಬಾಕಿ ಕೊಡುವವರೆಗೆ ಕುದುರೆ ಬಿಡಲ್ಲ’ ಅಂದರೆ? ಬರೀ ಮೇವು, ಜಾಗ ಕೊಟ್ಟ ಮಾತ್ರಕ್ಕೆ ಕುದುರೆ ಹಿಡಿದಿಟ್ಟುಕೊಳ್ಳುವ ಹಕ್ಕು ಲಿವರಿಯವರಿಗೆ ಇಂಗ್ಲಿಷ್ ಕಾನೂನಿನಲ್ಲಿ ತಾನಾಗಿ ಬರುವುದಿಲ್ಲ. ಕರಾರಿನಲ್ಲಿ ಹಾಗಂತ ಬರೆದಿದ್ದು ನೀವು ಸಹಿ ಹಾಕಿದ್ದರೆ ಕಥೆ ಬೇರೆ. ಅದಕ್ಕೇ ಆ ಸಾಲನ್ನು ಮೊದಲೇ ಹುಡುಕಿ ಓದಿ.

ಪಾಸ್‌ಪೋರ್ಟ್ ಮರೆಯಬೇಡಿ. ಹೌದು, ಇಲ್ಲಿ ಕುದುರೆಗೂ ಪಾಸ್‌ಪೋರ್ಟ್ ಇರಬೇಕು. 2020ರ ಅಕ್ಟೋಬರ್ 1ರಿಂದ ಮೈಕ್ರೋಚಿಪ್ಪೂ ಕಡ್ಡಾಯ. ಫುಲ್ ಲಿವರಿಯಲ್ಲಿ ಪಾಸ್‌ಪೋರ್ಟ್ ಯಾರ್ಡಿನ ಕಪಾಟಿನಲ್ಲಿರುತ್ತದೆ, ಅದಿಲ್ಲದೆ ಕುದುರೆಯನ್ನು ಸಾಗಿಸುವಂತಿಲ್ಲ. ‘ಲಸಿಕೆ ಹಾಕಿಸ್ಬೇಕು, ಪಾಸ್‌ಪೋರ್ಟ್ ಕೊಡಿ’ ಅಂತ ಒಂದೆರಡು ವಾರ ಮೊದಲೇ ಈಸಿಕೊಳ್ಳುವುದು ಜಾಣತನ. ಅದು ಮಾಲೀಕತ್ವದ ಪತ್ರ ಅಲ್ಲ ಎನ್ನುವುದೂ ನೆನಪಿರಲಿ, ಕೊಂಡಾಗಿನ ರಸೀದಿ ಬೇರೆಯಾಗಿ ಇಟ್ಟುಕೊಂಡಿರಿ. ಜೀನು, ಕಡಿವಾಣ, ರಗ್ಗುಗಳನ್ನು ಪಟ್ಟಿ ಮಾಡಿ ಫೋಟೊ ತೆಗೆದು, ಬೆಲೆ ಬಾಳುವುದನ್ನು ಒಂದೊಂದಾಗಿ ಮನೆಗೆ ತನ್ನಿ. ಹೊರಡುವ ದಿನ ಜೊತೆಗೆ ಒಬ್ಬರಿರಲಿ.

ಹೊಸ ಜಾಗದಲ್ಲಿ ಎರಡು ಮೂರು ವಾರ ಬೇರೆ ಕುದುರೆಗಳಿಂದ ದೂರ ಇಡಿ ಅಂದರೆ ಬೇಜಾರಾಗಬೇಡಿ. ಸ್ಟ್ರ್ಯಾಂಗಲ್ಸ್ ಎನ್ನುವ ಗಂಟಲಿನ ಸೋಂಕು ಯಾರ್ಡಿನಿಂದ ಯಾರ್ಡಿಗೆ ಹೀಗೇ ಹಬ್ಬುತ್ತದೆ, ರಕ್ತಪರೀಕ್ಷೆಯನ್ನೂ ಕೇಳಬಹುದು. ಕೇಳುವ ಯಾರ್ಡೇ ಒಳ್ಳೆಯದು.

ದುಡ್ಡು ವಾಪಸ್

2015ರ ಕನ್ಸ್ಯೂಮರ್ ರೈಟ್ಸ್ ಆ್ಯಕ್ಟ್ ಪ್ರಕಾರ ದುಡ್ಡು ತಗೊಂಡು ಸೇವೆ ಕೊಡುವವರು ತಕ್ಕಷ್ಟು ಎಚ್ಚರ ಮತ್ತು ಕುಶಲತೆಯಿಂದ ಕೊಡಬೇಕು. ಕೊಡದಿದ್ದರೆ ಶುಲ್ಕದಲ್ಲಿ ಕಡಿತ ಕೇಳಬಹುದು, ಅವರ ತಪ್ಪಿನಿಂದ ಆದ ವೈದ್ಯರ ಖರ್ಚನ್ನೂ ಕೇಳಬಹುದು. ಮೊದಲು ಒಂದು ಕಾಗದ: ಏನಾಯಿತು, ಎಷ್ಟು ಕೇಳುತ್ತಿದ್ದೀರಿ, ಯಾವ ದಾಖಲೆಗಳಿವೆ, ಉತ್ತರಕ್ಕೆ 14 ದಿನ. ಉತ್ತರ ಬರದಿದ್ದರೆ 10,000 ಪೌಂಡ್‌ವರೆಗಿನ ಇಂಥ ಕೇಸು ಸಾಮಾನ್ಯವಾಗಿ ಸ್ಮಾಲ್ ಕ್ಲೇಮ್ಸ್‌ನಲ್ಲಿ (ಸಣ್ಣ ಮೊತ್ತದ ಕೇಸುಗಳಿಗಿರುವ ಸರಳ ಕೋರ್ಟ್ ವಿಧಾನ) ನಡೆಯುತ್ತದೆ. ಆನ್‌ಲೈನಿನಲ್ಲೇ ಹಾಕಬಹುದು, ವಕೀಲರೂ ಬೇಕಿಲ್ಲ. ಕೋರ್ಟಿನ ಶುಲ್ಕ ಇದೆ, ಗೆದ್ದರೆ ಅದನ್ನೂ ಅವರ ಲೆಕ್ಕಕ್ಕೆ ಸೇರಿಸುತ್ತಾರೆ. ಕೇಸು ಯಾರ ಹೆಸರಿಗೆ ಎನ್ನುವುದನ್ನು ಮಾತ್ರ ಸರಿಯಾಗಿ ನೋಡಿ. ಬೋರ್ಡಿನ ಮೇಲಿರುವ ಹೆಸರು ಬೇರೆ, ದುಡ್ಡು ಹೋಗುತ್ತಿದ್ದ ಖಾತೆಯ ಹೆಸರು ಬೇರೆ ಇರುತ್ತದೆ. ಕಂಪನಿಯಾಗಿದ್ದರೆ ಕಂಪನಿಗಳನ್ನು ನೋಂದಾಯಿಸುವ ಸರ್ಕಾರಿ ಕಚೇರಿಯಾದ ಕಂಪನೀಸ್ ಹೌಸ್‌ನ ವೆಬ್‌ಸೈಟಿನಲ್ಲಿ ಪುಕ್ಕಟೆಯಾಗಿ ಹುಡುಕಬಹುದು.