ಬಿಪಿ ಇಳಿಸುವ ವ್ಯಾಯಾಮ: ನಡಿಗೆ ಎಷ್ಟು, ಗೋಡೆ ಕುರ್ಚಿ ಹೇಗೆ?

ತೂಕ ಕರಗಿದರೆ ಮಾತ್ರ ವ್ಯಾಯಾಮದಿಂದ ಬಿಪಿ ಇಳಿಯುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ಹಾಗೇನಿಲ್ಲ. ತೂಕದ ಮುಳ್ಳು ಅಲ್ಲಾಡದಿದ್ದರೂ ಬಿಪಿ ಇಳಿಯಬಹುದು, ಏಕೆಂದರೆ ಬದಲಾವಣೆ ನಡೆಯುವುದು ರಕ್ತನಾಳದ ಒಳಗೋಡೆಯಲ್ಲಿ. ಅಲ್ಲಿ ಒಂದೇ ಸಾಲು ಜೀವಕೋಶಗಳ ತೆಳು ಪದರವಿದೆ. ಬಿರುಸಾಗಿ ನಡೆದಾಗ ರಕ್ತ ಈ ಪದರವನ್ನು ಜೋರಾಗಿ ಉಜ್ಜಿಕೊಂಡು ಹರಿಯುತ್ತದೆ. ಆಗ ಕೋಶಗಳಿಂದ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಹೊರಬಂದು ನಾಳದ ಸುತ್ತಲಿನ ಸ್ನಾಯು ಸಡಿಲಗೊಳ್ಳುತ್ತದೆ, ನಾಳ ಹಿಗ್ಗುತ್ತದೆ. ಈ ಅನಿಲದ ಪಾತ್ರವನ್ನು ತೋರಿಸಿಕೊಟ್ಟ ಫರ್ಚ್‌ಗಾಟ್, ಇಗ್ನಾರೊ ಮತ್ತು ಮುರಾದ್ ಅವರಿಗೆ 1998ರಲ್ಲಿ ನೊಬೆಲ್ ಬಂತು. ಅಭ್ಯಾಸ ವಾರಗಟ್ಟಲೆ ಮುಂದುವರಿದರೆ ನಾಳಗಳು ಸುಲಭವಾಗಿ ಹಿಗ್ಗತೊಡಗುತ್ತವೆ, ಅವನ್ನು ಬಿಗಿಹಿಡಿಯುವ ನರಗಳ ಒತ್ತಡವೂ ತಗ್ಗುತ್ತದೆ.

ಒಂದು ಸಲದ ವ್ಯಾಯಾಮದ ಪರಿಣಾಮ ಕೆಲವು ಗಂಟೆ, ಹೆಚ್ಚೆಂದರೆ ಒಂದು ದಿನದವರೆಗೆ ಉಳಿಯುತ್ತದೆ. ಭಾನುವಾರ ಎರಡೂವರೆ ಗಂಟೆ ನಡೆದು ಉಳಿದ ಆರು ದಿನ ಕೂರುವುದಕ್ಕಿಂತ ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ನಡೆಯುವುದನ್ನು ನಾವು ಒತ್ತಿ ಹೇಳುವುದು ಇದಕ್ಕೇ. ಸತತ ಎರಡು ದಿನ ತಪ್ಪದಂತೆ ನೋಡಿಕೊಳ್ಳಿ.

ಮೊದಲು ಅಳೆಯಿರಿ. ಕಾಫಿ, ಬೀಡಿ-ಸಿಗರೇಟು, ವ್ಯಾಯಾಮ ಆಗಿ ಅರ್ಧ ಗಂಟೆ ಕಳೆದಿರಲಿ. ಮೂತ್ರ ವಿಸರ್ಜನೆ ಮಾಡಿ ಬನ್ನಿ. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ತೋಳನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿಟ್ಟು ಐದು ನಿಮಿಷ ಮಾತಾಡದೆ ಕುಳಿತ ಮೇಲೆ, ಒಂದು ನಿಮಿಷದ ಅಂತರದಲ್ಲಿ ಎರಡು ಸಲ ಅಳೆದು ಬರೆದಿಡಿ. ಮನೆಯಲ್ಲಿ ಸರಾಸರಿ 135/85 ಅಥವಾ ಹೆಚ್ಚಿದ್ದರೆ ಅದು ಅಧಿಕ ರಕ್ತದೊತ್ತಡ. 180/110 ಮುಟ್ಟಿದ್ದರೆ ವ್ಯಾಯಾಮ ಬೇಡ, ಮೊದಲು ವೈದ್ಯರನ್ನು ಕಾಣಿ. ಹೃದ್ರೋಗ ಇರುವವರೂ ಅಷ್ಟೇ.

ನಡಿಗೆ. ಐದು ನಿಮಿಷ ನಿಧಾನ, 20–30 ನಿಮಿಷ ಬಿರುಸು, ಮತ್ತೆ ಐದು ನಿಮಿಷ ನಿಧಾನ. ಮಾತಾಡಲು ಆಗಬೇಕು, ಹಾಡಲು ಆಗಬಾರದು: ಬಿರುಸಿನ ಅಳತೆ ಇಷ್ಟೇ. ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಬಿಪಿ ಮಾತ್ರೆ ನುಂಗುವವರಿಗೆ ನಾಡಿಬಡಿತದ ಲೆಕ್ಕ ನೆಚ್ಚಲು ಬರುವುದಿಲ್ಲ, ಆ ಮಾತ್ರೆಗಳೇ ಬಡಿತವನ್ನು ತಗ್ಗಿಸಿರುತ್ತವೆ. ಕೊನೆಯ ನಿಧಾನ ನಡಿಗೆಯನ್ನು ಬಿಡಬೇಡಿ. ಕಾಲಿನ ನಾಳಗಳು ಹಿಗ್ಗಿರುವಾಗ ತಟ್ಟನೆ ನಿಂತರೆ ರಕ್ತ ಕೆಳಗೇ ತಂಗಿ ಕಣ್ಣು ಕತ್ತಲೆ ಬರುತ್ತದೆ.

ಗೋಡೆ ಕುರ್ಚಿ. ನಮ್ಮಲ್ಲಿ ಇದಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ. 2023ರಲ್ಲಿ 270 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯಲ್ಲಿ, ಸ್ನಾಯುವನ್ನು ಬಿಗಿಹಿಡಿದು ಅಲುಗಾಡದೆ ನಿಲ್ಲುವ ವ್ಯಾಯಾಮ ಮೇಲಿನ ಬಿಪಿಯನ್ನು ಸರಾಸರಿ 8 ಮಿ.ಮೀ.ನಷ್ಟು ಇಳಿಸಿತ್ತು, ನಡಿಗೆ-ಓಟದಂಥವು ಸುಮಾರು 4.5. ಬೆನ್ನನ್ನು ಗೋಡೆಗೆ ಆನಿಸಿ, ಪಾದಗಳನ್ನು ಒಂದೂವರೆ-ಎರಡು ಅಡಿ ಮುಂದಿಟ್ಟು, ಕುರ್ಚಿಯಲ್ಲಿ ಕೂರುವವರಂತೆ ಕೆಳಗೆ ಜಾರಿ. ಎರಡು ನಿಮಿಷ ಹಾಗೇ ಇದ್ದು, ಎದ್ದು ಎರಡು ನಿಮಿಷ ಸುಧಾರಿಸಿಕೊಳ್ಳಿ. ಹೀಗೆ ನಾಲ್ಕು ಸುತ್ತು, ವಾರಕ್ಕೆ ಮೂರು ದಿನ. ಬಿಗಿಹಿಡಿದಾಗ ಅಡ್ಡಿಯಾದ ರಕ್ತ, ಎದ್ದ ಕೂಡಲೇ ಕಾಲಿಗೆ ನುಗ್ಗುತ್ತದೆ. ಆ ನುಗ್ಗಾಟವೂ ಒಳಪದರವನ್ನು ಉಜ್ಜುತ್ತದೆ.

ಹೆಚ್ಚಿನವರು ಎಡವುವುದು ಮೊದಲ ದಿನವೇ ತೊಡೆ ನೆಲಕ್ಕೆ ಸಮಾನಾಂತರ ಆಗುವಷ್ಟು ಇಳಿಯುವುದರಲ್ಲಿ. ಮುಕ್ಕಾಲು ನಿಮಿಷಕ್ಕೇ ತೊಡೆ ನಡುಗಿ ಬಿಟ್ಟುಬಿಡುತ್ತಾರೆ. ಸ್ವಲ್ಪವೇ ಇಳಿಯಿರಿ, ಎರಡು ನಿಮಿಷ ಪೂರೈಸುವ ಎತ್ತರವೇ ಸರಿಯಾದ ಎತ್ತರ. ನಾಲ್ಕೂ ಸುತ್ತು ಹಗುರ ಅನಿಸಿದ ಮೇಲೆ ಎರಡು ಬೆರಳಿನಷ್ಟು ಕೆಳಗೆ ಹೋಗಿ. ಮಂಡಿ ನೋವಿದ್ದರೆ ಗೋಡೆ ಕುರ್ಚಿಯ ಬದಲು, ಅಂಗೈಯಲ್ಲಿ ಹಿಡಿದು ಒತ್ತುವ ಹಿಡಿಕೆ ಸ್ಪ್ರಿಂಗನ್ನು (ಹ್ಯಾಂಡ್ ಗ್ರಿಪ್) ನಿಮ್ಮ ಪೂರ್ಣ ಬಲದ ಮೂರನೇ ಒಂದರಷ್ಟು ಒತ್ತಿ ಹಿಡಿಯಿರಿ. ಅದೂ ಎರಡು ನಿಮಿಷದ ನಾಲ್ಕು ಸುತ್ತು.

ಉಸಿರು ಕಟ್ಟಲೇಬಾರದು. ಉಸಿರು ಬಿಗಿಹಿಡಿದು ಕಾಲಿನಿಂದ ಅತಿ ಭಾರ ತಳ್ಳಿದ ಗಟ್ಟಿಮುಟ್ಟು ದೇಹದಾರ್ಢ್ಯಪಟುಗಳಲ್ಲೇ 480/350ರಷ್ಟು ಬಿಪಿ ದಾಖಲಾಗಿದೆ. ಡಂಬೆಲ್ ಎತ್ತುವವರು ಎತ್ತುವಾಗ ಉಸಿರು ಬಿಡಬೇಕು, ಇಳಿಸುವಾಗ ಎಳೆದುಕೊಳ್ಳಬೇಕು. ಗೋಡೆಗೆ ಆನಿಕೊಂಡವರು ನಿಧಾನವಾಗಿ ಬಾಯಿಬಿಟ್ಟು ಎಣಿಸುತ್ತಿದ್ದರೆ ಸಾಕು, ಉಸಿರು ತಾನಾಗಿ ಆಡುತ್ತದೆ.

ಎದೆ ಬಿಗಿತ, ದವಡೆ ಅಥವಾ ಎಡತೋಳಿಗೆ ಹರಡುವ ನೋವು, ತಲೆಸುತ್ತು, ವಿಪರೀತ ಏದುಸಿರು ಬಂದರೆ ಆ ಕ್ಷಣವೇ ನಿಲ್ಲಿಸಿ. ಕೆಲವೇ ನಿಮಿಷದಲ್ಲಿ ತಗ್ಗದಿದ್ದರೆ 108ಕ್ಕೆ ಕರೆ ಮಾಡಿ.

ಫಲ ಕಾಣಲು ಎಂಟು ವಾರ ಕೊಡಿ. ದಿನವೂ ಒಂದೇ ಹೊತ್ತಿಗೆ, ಬೆಳಿಗ್ಗೆ ಮಾತ್ರೆ ನುಂಗುವ ಮೊದಲು ಅಳೆಯಿರಿ; ನಡೆದು ಬಂದ ಕೂಡಲೇ ಅಳೆದ ಅಂಕಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬಿಪಿ ಇಳಿಯಿತೆಂದು ಮಾತ್ರೆಯನ್ನು ನೀವೇ ಬಿಡಬೇಡಿ. ಬರೆದಿಟ್ಟ ಅಂಕಿಗಳನ್ನು ವೈದ್ಯರಿಗೆ ತೋರಿಸಿ. ಮಾತ್ರೆ ತಗ್ಗಿಸಬಹುದೇ ಎಂಬುದನ್ನು ಅವರು ಅದನ್ನು ನೋಡಿಯೇ ಹೇಳುತ್ತಾರೆ.