ಆಟಿಸಂ ಮೌಲ್ಯಮಾಪನ: ಕೋಣೆಯೊಳಗೆ ನಾನು ಏನು ನೋಡುತ್ತೇನೆ

ಆಟಿಸಂ ಇದೆಯೋ ಇಲ್ಲವೋ ಎಂದು ಹೇಳುವ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನೂ ಇಲ್ಲ. ಮಗು ಆಡುವುದನ್ನು ನೋಡಬೇಕು, ಮನೆಯವರು ಹೇಳುವುದನ್ನು ಕೇಳಬೇಕು, ಎರಡನ್ನೂ ಪಕ್ಕಪಕ್ಕ ಇಟ್ಟು ತೂಗಬೇಕು. ಮೊದಲ ಭೇಟಿಗೆ ಒಂದೂವರೆ ಗಂಟೆ ಮೀಸಲಿಡುತ್ತೇನೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಯವರ ಜೊತೆಗಿನ ಮಾತಿಗೇ ಹೋಗುತ್ತದೆ. ಹಗಲೆಲ್ಲ ಮಗುವನ್ನು ನೋಡಿಕೊಳ್ಳುವುದು ಅಜ್ಜಿಯಾದರೆ ಅಜ್ಜಿಯೇ ಬರಬೇಕು.

ಬರುವಾಗ ಫೋನಿನಲ್ಲಿ ಎರಡೆರಡು ನಿಮಿಷದ ನಾಲ್ಕೈದು ವಿಡಿಯೊ ಇರಲಿ: ಊಟದ ಹೊತ್ತು, ಒಂಟಿಯಾಗಿ ಆಡುವಾಗ, ಓರಗೆಯ ಮಕ್ಕಳ ನಡುವೆ, ಹಠ ಹಿಡಿದಾಗ, ಬೆನ್ನ ಹಿಂದಿನಿಂದ ಹೆಸರು ಕರೆದಾಗ. "ಇಲ್ನೋಡು, ಹಾಯ್ ಹೇಳು" ಎಂದು ಹೇಳಿಸಿ ತೆಗೆದ ವಿಡಿಯೊದಿಂದ ಏನೂ ತಿಳಿಯುವುದಿಲ್ಲ. ಮೊದಲ ಹುಟ್ಟುಹಬ್ಬದ ವಿಡಿಯೊ ಇದ್ದರೆ ಅದು ಬೇಕೇ ಬೇಕು. ಆಗ ಇದ್ದ ಟಾಟಾ, ತೊದಲು ಮಾತು ಆಮೇಲೆ ನಿಂತುಹೋಯಿತೇ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ.

ಮೊದಲು ಕಿವಿ ನೋಡಿಸಬೇಕು. "ಜಾಹೀರಾತು ಕೇಳಿದರೆ ಓಡಿ ಬರ್ತಾನೆ, ಕಿವಿ ಚೆನ್ನಾಗಿದೆ" ಎನ್ನುವವರೇ ಹೆಚ್ಚು. ದೊಡ್ಡ ಸದ್ದು ಕೇಳಿಸುವ ಮಗುವಿಗೂ ಸ, ಶ, ತ ಬಗೆಯ ಮೆಲುದನಿಗಳು ತಪ್ಪಿಹೋಗುತ್ತಿರಬಹುದು. ಚಿಕ್ಕ ಮಕ್ಕಳಿಗೆ ಬೆರಾ ಪರೀಕ್ಷೆ ಮಾಡುತ್ತಾರೆ; ತಲೆಗೆ ಎಲೆಕ್ಟ್ರೋಡ್ ಅಂಟಿಸಿ, ಸದ್ದಿಗೆ ಮಿದುಳು ಸ್ಪಂದಿಸುವುದನ್ನು ಅಳೆಯುವ ಪರೀಕ್ಷೆ ಅದು. ಅದಕ್ಕೆ ಮಗು ನಿದ್ದೆಯಲ್ಲಿರಬೇಕು. ಹಿಂದಿನ ರಾತ್ರಿ ತಡವಾಗಿ ಮಲಗಿಸಿ ಬೆಳಿಗ್ಗೆ ಬೇಗ ಎಬ್ಬಿಸಿ, ಬಸ್ಸಿನಲ್ಲಿ ಮಲಗಲು ಬಿಡಬೇಡಿ. ದಾರಿಯಲ್ಲೇ ನಿದ್ದೆ ಮುಗಿಸಿಕೊಂಡು ಬಂದ ಮಗುವಿನಿಂದ ಆ ದಿನವೇ ವ್ಯರ್ಥ. ತಲೆಗೆ ಸ್ನಾನ ಮಾಡಿಸಿ, ಎಣ್ಣೆ ಹಚ್ಚಬೇಡಿ. ಎಣ್ಣೆಯಿದ್ದರೆ ಎಲೆಕ್ಟ್ರೋಡ್ ಹಿಡಿಯುವುದಿಲ್ಲ. ನೆಗಡಿಯಿದ್ದರೆ ಮುಂದೂಡುವುದೇ ಮೇಲು.

ಹದಿನಾರರಿಂದ ಮೂವತ್ತು ತಿಂಗಳ ಮಕ್ಕಳಿಗೆ ಎಂ-ಚಾಟ್ ಎಂಬ 20 ಪ್ರಶ್ನೆಗಳ ಪಟ್ಟಿಯಿದೆ. ಅಂಕ 3ರಿಂದ 7 ಬಂದರೆ ಮತ್ತೊಂದು ಸುತ್ತಿನ ಪ್ರಶ್ನೆ, 8 ಅಥವಾ ಹೆಚ್ಚು ಬಂದರೆ ನೇರ ಮೌಲ್ಯಮಾಪನ. ಅದು ಜರಡಿ ಮಾತ್ರ, ತೀರ್ಪಲ್ಲ.

ಆಮೇಲೆ ನೆಲದ ಮೇಲೆ ಕೂತು ಆಟ. ನನ್ನ ಬಳಿ ಸೋಪಿನ ಗುಳ್ಳೆ ಊದುವ ಬಾಟಲಿ, ಚೆಂಡು, ಗೊಂಬೆ, ಪುಟ್ಟ ತಟ್ಟೆ ಲೋಟ, ಬಿಸ್ಕತ್ತು ಹಾಕಿ ಬಿಗಿಯಾಗಿ ಮುಚ್ಚಿದ ಪಾರದರ್ಶಕ ಡಬ್ಬಿ ಇರುತ್ತವೆ. ನಾಲ್ಕೈದು ಸಲ ಗುಳ್ಳೆ ಊದಿ, ಬಾಟಲಿಗೆ ಮುಚ್ಚಳ ತಿರುಗಿಸಿ ಸುಮ್ಮನೆ ಕೂರುತ್ತೇನೆ. ಮಗು ಬಾಟಲಿ ಕೊಟ್ಟು ನನ್ನ ಮುಖ ನೋಡುತ್ತದೆಯೇ, ಅಥವಾ ಮುಖದತ್ತ ತಿರುಗದೆ ನನ್ನ ಕೈ ಹಿಡಿದು ಮುಚ್ಚಳದ ಮೇಲೆ ಇಡುತ್ತದೆಯೇ? "ಅಗೋ ಅಲ್ಲಿ!" ಎಂದು ಬೆರಳು ತೋರಿಸಿದರೆ ಆ ಕಡೆ ನೋಡುತ್ತದೆಯೇ, ಬೆರಳನ್ನೇ ನೋಡುತ್ತದೆಯೇ? ತನಗೆ ಹಿಡಿಸಿದ್ದನ್ನು ಬೇಡುವುದಕ್ಕಲ್ಲದೆ ಬರೀ ಖುಷಿಗೆ ಅಮ್ಮನಿಗೆ ತೋರಿಸುತ್ತದೆಯೇ? ಈ ಕೊನೆಯದಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಇಲ್ಲಿಯೇ ತಂದೆತಾಯಿ ತಡೆಯಲಾರದೆ "ಎ ಫಾರ್? ಬಿ ಫಾರ್?" ಶುರುಮಾಡುತ್ತಾರೆ. ಮಗು ಝಡ್‌ವರೆಗೂ ಹೇಳಿಬಿಡುತ್ತದೆ. ಅಕ್ಷರ ಒಪ್ಪಿಸುವುದು ಬೇರೆ, "ಅಮ್ಮಾ ನೀರು" ಎಂದು ಕೇಳುವುದು ಬೇರೆ. ನನಗೆ ಬೇಕಿರುವುದು ಎರಡನೆಯದು. ಅದೂ ಮನೆಮಾತಿನಲ್ಲಿ. ತುಳು ಆಡುವ ಮನೆಯ ಮಗುವನ್ನು ಇಂಗ್ಲಿಷಿನಲ್ಲಿ ಪರೀಕ್ಷಿಸಿದರೆ ಅಂಕ ಸುಳ್ಳಾಗುತ್ತದೆ. ಮನೆಯಲ್ಲಿ ಕನ್ನಡ ಬಿಟ್ಟು ಇಂಗ್ಲಿಷ್ ಮಾತ್ರ ಆಡಿ ಎಂಬ ಸಲಹೆ ಯಾರು ಕೊಟ್ಟರೂ ಕೇಳಬೇಡಿ. ಎರಡು ಭಾಷೆಯಿಂದ ಆಟಿಸಂ ಬರುವುದಿಲ್ಲ, ಹೆಚ್ಚುವುದೂ ಇಲ್ಲ. ಕನ್ನಡ ಬಿಟ್ಟರೆ ಅಜ್ಜಿಯ ಜೊತೆಗಿನ ಮಾತು ನಿಂತುಹೋಗುತ್ತದೆ, ಅಷ್ಟೆ.

ಮಾತು ತಡವಾದ ಮಾತ್ರಕ್ಕೆ ಆಟಿಸಂ ಅಲ್ಲ. ಇಂಥ ಸ್ಥಿತಿಗಳನ್ನು ಗುರುತಿಸಲು ವೈದ್ಯರು ಬಳಸುವ ಡಿಎಸ್‌ಎಂ-5 ಕೈಪಿಡಿಯ ಪ್ರಕಾರ ಜನರೊಡನೆ ಬೆರೆಯುವ, ಸಂವಹಿಸುವ ಮೂರೂ ಅಂಶಗಳಲ್ಲಿ (ಮಾತು-ಭಾವಗಳ ಕೊಡುಕೊಳ್ಳುವಿಕೆ, ಕಣ್ಣೋಟ-ಸನ್ನೆ, ಸಂಬಂಧ ಬೆಳೆಸುವುದು) ಕೊರತೆ ಇರಬೇಕು. ಜೊತೆಗೆ ಒಂದೇ ಚಲನೆಯ ಪುನರಾವರ್ತನೆ, ಬದಲಾವಣೆ ಸಹಿಸದಿರುವುದು, ತೀವ್ರ ಆಸಕ್ತಿ, ಸದ್ದು-ಸ್ಪರ್ಶಗಳಿಗೆ ಅತಿ ಅಥವಾ ಮಂದ ಪ್ರತಿಕ್ರಿಯೆ, ಈ ನಾಲ್ಕರಲ್ಲಿ ಎರಡಾದರೂ ಕಾಣಬೇಕು. ಇನ್ನೊಂದು ಕಡೆ, "ಗಂಡುಮಕ್ಕಳಿಗೆ ಮಾತು ತಡ, ಅವರಪ್ಪನೂ ಹಾಗೇ" ಎಂದು ಬಜೆ ತೇಯ್ದು ನೆಕ್ಕಿಸುತ್ತಾ ವರ್ಷ ಕಳೆಯುವುದು ನೋವಿನ ಸಂಗತಿ. ಸದ್ದಿಲ್ಲದೆ ಒಂದೆಡೆ ಕೂತು ಆಡುವ ಹೆಣ್ಣುಮಗುವನ್ನು "ಪಾಪದ್ದು" ಎಂದು ಬಿಟ್ಟುಬಿಡುವುದೂ ಅಷ್ಟೇ.

ಲಕ್ಷಣಗಳಿಗೆ ಅಂಕ ಕೊಡುವ ಅಂಕಪಟ್ಟಿಗಳಲ್ಲಿ ಕಾರ್ಸ್-2 ಒಂದು, ಅದರಲ್ಲಿ 15 ಅಂಶ. ಒಟ್ಟು 30 ಅಥವಾ ಹೆಚ್ಚು ಬಂದರೆ ಆಟಿಸಂ ಕಡೆಗೆ ವಾಲುತ್ತದೆ. ಸರ್ಕಾರಿ ಅಂಗವೈಕಲ್ಯ ಪ್ರಮಾಣಪತ್ರಕ್ಕೆ ನಮ್ಮ ದೇಶದ್ದೇ ಆದ ಐಎಸ್‌ಎಎ ಅಂಕಪಟ್ಟಿ ಬಳಸುತ್ತಾರೆ. ಅದರಲ್ಲಿ 40 ಅಂಶ, ಪ್ರತಿಯೊಂದಕ್ಕೂ 1ರಿಂದ 5. ಒಟ್ಟು 70ಕ್ಕಿಂತ ಕಡಿಮೆಯಾದರೆ ಆಟಿಸಂ ಇಲ್ಲ, 70ರಿಂದ 106 ಸೌಮ್ಯ, 153ರವರೆಗೆ ಮಧ್ಯಮ, ಆಮೇಲೆ ತೀವ್ರ. ನಾಚಿಕೆಗೋ ಭಯಕ್ಕೋ "ಇಲ್ಲ, ಹಾಗೆ ಮಾಡಲ್ಲ" ಎಂದು ಮುಚ್ಚಿಟ್ಟರೆ ಈ ಅಂಕ ಇಳಿಯುತ್ತದೆ, ಮಗುವಿಗೆ ಸಲ್ಲಬೇಕಾದ ಸೌಲಭ್ಯ ತಪ್ಪುತ್ತದೆ.

ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆಗಳು ದೂರವಾದರೆ ಮಕ್ಕಳ ಬೆಳವಣಿಗೆಯ ತೊಡಕನ್ನು ಬೇಗ ಗುರುತಿಸಿ ನೆರವಾಗುವ, ಜಿಲ್ಲಾ ಆಸ್ಪತ್ರೆಯ ಡಿಇಐಸಿ ಕೇಂದ್ರದಲ್ಲಿ ಶುರುಮಾಡಿ. ಎರಡು ವರ್ಷದೊಳಗಿನ ಮಗುವಾದರೆ ಆರು ತಿಂಗಳು, ವರ್ಷದ ನಂತರ ಮತ್ತೆ ಕರೆಯುತ್ತೇವೆ. ಅಲ್ಲಿಯವರೆಗೆ ಥೆರಪಿ ಕಾಯಬೇಕಿಲ್ಲ. ಆಟಿಸಂ ಹೌದೋ ಅಲ್ಲವೋ ಎಂಬುದು ಖಚಿತವಾಗದಿದ್ದರೂ ಮಾತಿನ ತರಬೇತಿ ಮರುವಾರವೇ ಆರಂಭಿಸಬಹುದು.

ವರದಿ ಕೈಗೆ ಬಂದಾಗ ಬಳಸಿದ ಅಂಕಪಟ್ಟಿಯ ಹೆಸರು, ಅಂಕ, ಪರೀಕ್ಷಿಸಿದ ಭಾಷೆ, ಸಹಿಯ ಕೆಳಗೆ ನೋಂದಣಿ ಸಂಖ್ಯೆ ಇವೆಯೇ ನೋಡಿಕೊಳ್ಳಿ. ಮುಂದೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೂ, 1 ಲಕ್ಷ ರೂಪಾಯಿವರೆಗಿನ ನಿರಾಮಯ ಆರೋಗ್ಯ ವಿಮೆಗೂ ದಾಖಲೆಗಳು ಬೇಕಾಗುತ್ತವೆ. ಶಾಲೆಗೆ ನಕಲು ಕೊಡಿ, ಮೂಲಪ್ರತಿ ನಿಮ್ಮಲ್ಲೇ ಇರಲಿ.