ಕರುಗೆ ಗಳಲೆ ಲಸಿಕೆ ಯಾವಾಗ ಹಾಕಿಸಬೇಕು, ಅಲ್ಲಿವರೆಗೆ ಏನು ಮಾಡಬೇಕು

ಮುಂಗಾರು ಹತ್ತಿರ ಬಂದಾಗ ಕೋಲಾರದ ಕಡೆ ಪಶು ಆಸ್ಪತ್ರೆಯವರು ಗಳಲೆ ರೋಗಕ್ಕೆ (ಜೋರು ಜ್ವರ ಬಂದು, ಗಂಟಲು ಊದಿ ದನ ಸಾಯುವ ರೋಗ) ಲಸಿಕೆ ಹಾಕೋಕೆ ಶುರು ಮಾಡುತ್ತಾರೆ. ಹಸುಗೆ ಸರಿ, ಕರುಗೂ ಹಾಕಿಸಬಹುದಾ? 6 ತಿಂಗಳು ತುಂಬಿದ್ದರೆ ಖಂಡಿತ ಹಾಕಿಸಿ. ಅದಕ್ಕಿಂತ ಚಿಕ್ಕ ಕರುವಿನ ಮೈಯಲ್ಲಿ ತಾಯಿಯ ಗಿಣ್ಣಿನಿಂದ ಬಂದ ರಕ್ಷಣೆ ಇನ್ನೂ ಇರಬಹುದು, ಅದು ಲಸಿಕೆಯನ್ನು ಸರಿಯಾಗಿ ಹತ್ತೋಕೆ ಬಿಡುವುದಿಲ್ಲ. ಊರಲ್ಲೇ ರೋಗ ಕಾಣಿಸಿಕೊಂಡಿದ್ದರೆ ಮಾತ್ರ ಡಾಕ್ಟರನ್ನು ಕೇಳಿ, ಅವರು ಹೇಳಿದಂತೆ ಮಾಡಿ.

ಇನ್ನೊಂದು ವಿಷಯ. ಈ ಲಸಿಕೆ ಗಳಲೆಗೆ ಮಾತ್ರ. ಕರುಗೆ ಬರುವ ಎಲ್ಲ ಕೆಮ್ಮು, ನ್ಯುಮೋನಿಯಾಕ್ಕೂ ಇದು ತಡೆ ಅಲ್ಲ. ಎಳೆಗರುಗಳು ನ್ಯುಮೋನಿಯಾದಿಂದ ಸಾಯುವುದು ಜಾಸ್ತಿ ಮೊದಲ ಕೆಲವು ತಿಂಗಳಲ್ಲೇ, ಅಂದರೆ ಲಸಿಕೆಯ ವಯಸ್ಸು ಬರುವ ಮುಂಚೆಯೇ.

ಹಾಗಾಗಿ ಮೊದಲ ಲಸಿಕೆ ಗಿಣ್ಣೇ ಅಂದ್ಕೊಳ್ಳಿ. ಮಾಸು ಬೀಳೋವರೆಗೂ ಹಾಲು ಕರೀಬಾರದು ಅಂತ ಕೆಲವರು ಕಾಯುತ್ತಾರೆ, ದಯವಿಟ್ಟು ಕಾಯಬೇಡಿ. 30 ಕೆಜಿ ಕರುಗೆ ಸುಮಾರು 3 ಲೀಟರ್ ಗಿಣ್ಣು ಬೇಕು. ಅರ್ಧ ಹುಟ್ಟಿದ ಒಂದೆರಡು ಗಂಟೆಯೊಳಗೆ, ಉಳಿದದ್ದು ಅದೇ ದಿನ. 24 ಗಂಟೆ ಕಳೆದ ಮೇಲೆ ಎಷ್ಟು ಕುಡಿಸಿದರೂ ಅದರ ರಕ್ಷಣೆ ಕರುಳಿನಿಂದ ರಕ್ತಕ್ಕೆ ಸೇರುವುದಿಲ್ಲ. ಪಕ್ಕದ ಮನೆಗೆ ಗಿಣ್ಣು ಕೊಡೋದು ಆಮೇಲೆ ಇದ್ದೇ ಇದೆ ಅಲ್ವಾ.

ಗೊಟ್ಟದಲ್ಲಿ (ದನಕ್ಕೆ ಔಷಧಿ ಕುಡಿಸುವ ಬಿದಿರಿನ ಕೊಳವೆ) ಎಣ್ಣೆ, ಔಷಧಿ ಸುರಿಯೋದನ್ನಂತೂ ಬಿಟ್ಟುಬಿಡಿ. ತಲೆ ಮೇಲೆತ್ತಿ, ನಾಲಿಗೆ ಎಳೆದು ಹಿಡಿದು ಸುರಿದರೆ ಕರುಗೆ ನುಂಗೋಕೆ ಆಗಲ್ಲ, ಅದು ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ, ಎರಡು ದಿನದಲ್ಲಿ ಗೊರಗೊರ ಶುರುವಾಗುತ್ತದೆ.

ಚಳಿಗಾಲದಲ್ಲಿ ಕೊಟ್ಟಿಗೆಗೆ ಸುತ್ತಲೂ ಗೋಣಿಚೀಲ ಕಟ್ಟಿ ಗಾಳಿ ಆಡದ ಹಾಗೆ ಮಾಡುತ್ತಾರೆ. ಕೆಳಗಡೆ ಕಟ್ಟಿ, ಮೇಲುಗಡೆ ಬಿಡಿ. ಕರು ಮಲಗುವ ಜಾಗದಲ್ಲಿ ನೀವೇ ಬಗ್ಗಿ ಮೂಸಿ ನೋಡಿ: ಗಂಜಲದ ಘಾಟಿಗೆ ನಿಮ್ಮ ಕಣ್ಣು ಉರಿದರೆ, ದಿನವಿಡೀ ಅಲ್ಲೇ ಮೂಗಿಟ್ಟು ಮಲಗೋ ಕರುವಿನ ಗತಿ ಏನು? ಒದ್ದೆ ರಾಗಿಹುಲ್ಲು ತೆಗೆದು ಒಣಗಿದ್ದು ಹಾಸಿ.

ಇನ್ನು ಲಸಿಕೆಯ ದಿನ. ಹುಳುವಿನ ಔಷಧಿ ಒಂದೆರಡು ವಾರ ಮುಂಚೆಯೇ ಆಗಿರಲಿ. ಬೆಳಗ್ಗೆ ಥರ್ಮಾಮೀಟರ್ ಇಟ್ಟು ನೋಡಿ, 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸರಿ. ಜ್ವರ, ಭೇದಿ, ಕೆಮ್ಮು ಇದ್ದರೆ ಅವತ್ತು ಬೇಡ, ಮುಚ್ಚಿಡದೆ ಹೇಳಿ. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಲ್ಲೇ ಇರಬೇಕು, ಹೆಪ್ಪುಗಟ್ಟಲೂಬಾರದು. ಹಾಗಾಗಿ ಐಸ್ ಇಲ್ಲದ ಬ್ಯಾಗಿನಿಂದ ಬಾಟಲಿ ಹೊರಗೆ ಬಂದರೆ ಕೇಳೋಕೆ ಸಂಕೋಚ ಬೇಡ. ಕರುವಿಂದ ಕರುಗೆ ಸೂಜಿ ಬದಲಾಯಿಸಿ ಅಂತಲೂ ಕೇಳಿ. ಹಾಕಿಸಿದ ಮೇಲೆ ಅರ್ಧ ಗಂಟೆ ಕರುವಿನ ಹತ್ತಿರವೇ ಇರಿ. ಮುಖ ಊದಿದರೆ, ಏದುಸಿರು ಬಂದರೆ ಡಾಕ್ಟರನ್ನು ಕೂಡಲೇ ಕರೆಯಬೇಕು.

ಕತ್ತಿನ ಹತ್ತಿರ ಸಣ್ಣ ಗಂಟು ಬರಬಹುದು. ಹಿಚುಕಬೇಡಿ, ಕುಯ್ಯಬೇಡಿ, ಸಾಮಾನ್ಯವಾಗಿ ತಾನಾಗೇ ಇಳಿಯುತ್ತದೆ. ರಕ್ಷಣೆ ಬರೋಕೆ ಎರಡು-ಮೂರು ವಾರ ಹಿಡಿಯುತ್ತದೆ, ಅಷ್ಟರಲ್ಲಿ ಸಂತೆಯಿಂದ ತಂದ ಹೊಸ ದನದ ಜೊತೆ ಕಟ್ಟಬೇಡಿ. ಲಸಿಕೆ ಆಗಿದ್ದರೂ ಸರಿ, ಆಗದಿದ್ದರೂ ಸರಿ, ಜೋರು ಜ್ವರ, ಜೊಲ್ಲು, ಗಂಟಲು ಊತ ಕಂಡರೆ ಸಂಜೆವರೆಗೆ ನೋಡೋಣ ಅನ್ನಬೇಡಿ. ಗಳಲೆ ಒಂದೆರಡು ದಿನದಲ್ಲೇ ಮುಗಿಸಿಬಿಡುತ್ತದೆ. ಆಸ್ಪತ್ರೆ ದೂರ ಇದ್ದರೆ ಪಶು ಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಫೋನ್ ಮಾಡಿ.